ಮುತ್ತಜ್ಜ ಬರೆದದ್ದೋ ಅಜ್ಜ ಬರೆದದ್ದೋ? ಮನೆಯ ಮದ್ದಿನ ಪುಸ್ತಕ ಓದಲು, ಉಳಿಸಲು ಸಹಾಯ ಬೇಕು

ನಾಪೋಕ್ಲು_ಮಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತವರು ನಾಪೋಕ್ಲು ಹತ್ತಿರ. ಮದುವೆಯಾಗಿ ಈಗ ಮಡಿಕೇರಿಯಲ್ಲಿದ್ದೇನೆ. ತವರಲ್ಲಿ ಕೈಬರಹದ ಒಂದು ಮದ್ದಿನ ಪುಸ್ತಕ ಇದೆ. ಅದರ ಬಗ್ಗೆ ತಿಳಿದವರ ಹತ್ತಿರ ಕೇಳೋಣ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಮ್ಮಜ್ಜ ನಾಟಿ ಮದ್ದು ಕೊಡುತ್ತಿದ್ದರು. ಅವರಪ್ಪನೂ ಕೊಡುತ್ತಿದ್ದರು. ಮಗುವಿಗೆ ಕೆಮ್ಮು, ಮುದುಕರಿಗೆ ಮಂಡಿನೋವು, ದನಕ್ಕೆ ಹೊಟ್ಟೆ ಉಬ್ಬರ, ಏನಾದರೂ ಊರವರು ಮೊದಲು ನಮ್ಮ ಅಂಗಳಕ್ಕೆ ಬರುತ್ತಿದ್ದರಂತೆ. ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಕುಡ್ತೆ ಅಕ್ಕಿಯೋ ನಾಲ್ಕು ವೀಳ್ಯದೆಲೆಯೋ ಇಟ್ಟು ಹೋಗುತ್ತಿದ್ದರು. ಅಪ್ಪನಿಗೆ ಆ ವಿದ್ಯೆ ಬರಲಿಲ್ಲ. ಕಾಫಿ, ಮೆಣಸು ಅಂತ ತೋಟದಲ್ಲೇ ಅವರ ಕಾಲ ಕಳೆಯಿತು.

ಪುಸ್ತಕ ಅಂದರೆ ಉದ್ದನೆಯ ಲೆಕ್ಕದ ಪುಸ್ತಕ. ಗೆರೆ ಎಳೆದ ಹಾಳೆ, ಕೆಂಪು ಬಟ್ಟೆಯ ರಟ್ಟು. ಈಗ 112 ಹಾಳೆ ಉಳಿದಿವೆ. ಮುಂಭಾಗದ ಕೆಲವು ಹಾಳೆ ಕಿತ್ತು ಹೋಗಿವೆ. ಬರಹ ಕಂದು ಬಣ್ಣಕ್ಕೆ ತಿರುಗಿದೆ. ಕೆಲವು ಕಡೆ ಅಕ್ಷರ ಇದ್ದ ಜಾಗದಲ್ಲೇ ಹಾಳೆ ತೂತಾಗಿದೆ. ಅಕ್ಷರದ ಆಕಾರಕ್ಕೇ ತೂತು, ಹುಳ ತಿಂದ ಹಾಗಲ್ಲ. ಮುಖ್ಯ ಬರಹ ಒಬ್ಬರದೇ ಕೈ. ಆದರೆ ಅಂಚಿನಲ್ಲಿ ಅಲ್ಲಲ್ಲಿ ನೀಲಿ ಶಾಯಿಯಲ್ಲಿ ಇನ್ನೊಬ್ಬರು ಬರೆದಿದ್ದಾರೆ. ಹಾಳೆಗಳ ಮಧ್ಯೆ ಒಣಗಿದ ಎಲೆಗಳಿವೆ. ನಾನು ಎಣಿಸಿದ್ದು ಹತ್ತೊಂಬತ್ತು.

ಇದು ನಮ್ಮ ಹಳೇ ಮನೆಯ ಅಡಿಗೆಕೋಣೆಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ ಬಿದಿರು ಬುಟ್ಟಿಯೊಳಗೆ ಇತ್ತು. ಹೊಗೆಯ ವಾಸನೆ ಇವತ್ತಿಗೂ ಹೋಗಿಲ್ಲ. ಮನೆ ರಿಪೇರಿ ಮಾಡುವಾಗ ಅಣ್ಣ ಜೋಪಾನವಾಗಿರಲಿ ಅಂತ ಸ್ಟೀಲ್ ಬೀರುವಿನಲ್ಲಿ ಇಟ್ಟ. ಅಷ್ಟು ವರ್ಷ ಏನೂ ಆಗದ ಪುಸ್ತಕಕ್ಕೆ ಎರಡೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಮೊನ್ನೆ ನೋಡಿದಾಗ ಅಳುವೇ ಬಂತು.

ಓದುವುದೂ ಕಷ್ಟ. ಒಂದು ಕಡೆ ಹೀಗಿದೆ: “ಚುಕ್ಕು ೧॥ ರೂ. ತೂಕ, ನಲ್ಲಮಳು ೧ ರೂ. ತೂಕ, ತಿಪ್ಪಲಿ ॥ ರೂ. ತೂಕ, ಜೇನು ಕೂಡಿಸಿ ಕೊಡು, ಕೆಮ್ಮು ದಮ್ಮು ನಿಲ್ಲುವುದು.” ಚುಕ್ಕು ಅಂದರೆ ಚಕ್ಕೆ ಅಂದುಕೊಂಡೆ. ಅಂಕಿ ಪಕ್ಕದ ಗೀಟುಗಳನ್ನು ಸಾಲು ಮುಗಿದ ಗುರುತು ಅಂದುಕೊಂಡೆ. ಹಾಗಾದರೆ ತಿಪ್ಪಲಿ ಎಷ್ಟು? ಅಂಕಿಯೇ ಇಲ್ವಲ್ಲ?

ಕೊನೆಯಲ್ಲಿ “ವಿಕಾರಿ ಸಂವತ್ಸರದ ಆಷಾಢದಲ್ಲಿ ಬರೆದು ಮುಗಿಸಿದೆ, ತಪ್ಪಿದ್ದರೆ ಬಲ್ಲವರು ತಿದ್ದಬೇಕು” ಅಂತಿದೆ. ಹೆಸರಿಲ್ಲ. ಇದು ಅಜ್ಜನ ಕೈಯೋ ಮುತ್ತಜ್ಜನ ಕೈಯೋ ಮನೆಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ನನಗೆ ಅದು ತಿಳಿಯಬೇಕು. ಮುತ್ತಜ್ಜನ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ.

ಇನ್ನೊಂದು ವಿಷಯ. ಹಳೇ ಸಾಮಾನು ಕೊಳ್ಳುವ ಒಬ್ಬರು ಬಂದು 40,000 ರೂಪಾಯಿ ಕೊಡುತ್ತೇನೆ ಅಂದಿದ್ದಾರೆ. ಅಣ್ಣನಿಗೆ ಮನಸ್ಸಿದೆ. ನಮ್ಮ ಹತ್ತಿರ ಇದ್ದರೆ ಹಾಳಾಗುತ್ತದೆ, ಅವರಾದರೂ ಚೆನ್ನಾಗಿ ಇಟ್ಟುಕೊಳ್ಳುತ್ತಾರೆ ಅನ್ನುವುದು ಅವನ ಮಾತು. ನನಗೆ ಕೊಡಲು ಸುತಾರಾಂ ಇಷ್ಟವಿಲ್ಲ. ಆದರೆ ಉಳಿಸಿಕೊಳ್ಳುವ ದಾರಿ ತೋರಿಸದೆ ಸುಮ್ನೆ ಬೇಡ ಅಂದರೆ ಅವನು ಕೇಳಲ್ಲ. ಜೂನ್ ಬರುವುದರೊಳಗೆ ಏನಾದರೂ ಮಾಡಬೇಕು.

---

ಹಳೇಕಡತ:

ತಂಗೀ, ನಾನು ಸೋಮವಾರಪೇಟೆಯವನು. ಕಂದಾಯ ಇಲಾಖೆಯಲ್ಲಿ ಹಳೇ ದಾಖಲೆಗಳ ಮಧ್ಯೆಯೇ ಕೂದಲು ಹಣ್ಣಾಯಿತು. ನಿಮ್ಮ ಗೀಟುಗಳ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಮದ್ದಿನ ಪುಸ್ತಕದಲ್ಲಿ ಅದು ತಪ್ಪಿದರೆ ಅಪಾಯ.

ಅದು ಸಾಲು ಮುಗಿದ ಗುರುತಲ್ಲ. ಲೆಕ್ಕ. ಒಂದು ಗೀಟು ಅಂದರೆ ಕಾಲು. ಎರಡು ಗೀಟು ಅಂದರೆ ಅರ್ಧ. ಮೂರು ಗೀಟು ಮುಕ್ಕಾಲು. ಹಳೇ ಶ್ಯಾನುಭೋಗರ ಲೆಕ್ಕವೆಲ್ಲ ಹೀಗೇ ಇರುತ್ತದೆ. ಹಾಗಾಗಿ ೧॥ ಅಂದರೆ ಒಂದೂವರೆ. ತಿಪ್ಪಲಿ ಮುಂದೆ ಬರೀ ॥ ಇದೆ, ಅಂದರೆ ಅರ್ಧ ರೂಪಾಯಿ ತೂಕ. ಈಗ ಮೂರೂ ತೂಕ ಓದಿ ನೋಡಿ: ಒಂದೂವರೆ, ಒಂದು, ಅರ್ಧ. ಬರೆದವರ ಕೈ ಎಷ್ಟು ಅಚ್ಚುಕಟ್ಟು ಅಲ್ವಾ?

ರೂಪಾಯಿ ತೂಕ ಅಂದರೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ, ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಮುಂದೆ ಎಲ್ಲಾದರೂ “ಗುಲಗಂಜಿ ತೂಕ” ಸಿಕ್ಕರೆ ಅದು ಸುಮಾರು 0.12 ಗ್ರಾಂ. ಗುಲಗಂಜಿ ಹಾಕು ಅಂತಲ್ಲ, ಗುಲಗಂಜಿಯಷ್ಟು ತೂಗು ಅಂತ. ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ, ಗುಲಗಂಜಿ ಬೀಜ ವಿಷ. “ವರಹ ತೂಕ”, “ಹಣ ತೂಕ” ಬಂದರೆ ವರಹ ಸುಮಾರು 3.4 ಗ್ರಾಂ, ಹಣ ಅದರಲ್ಲಿ ಹತ್ತನೇ ಒಂದು ಪಾಲು.

ಇನ್ನು ವಿಕಾರಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಚೆಗೆ ವಿಕಾರಿ ಬಂದದ್ದು 2019ರ ಯುಗಾದಿಗೆ. ಅದಕ್ಕೆ ಹಿಂದೆ 1959, 1899, 1839. ಪುಸ್ತಕದಲ್ಲಿ ರೂಪಾಯಿಯ ಬಗ್ಗೆ ಬೇರೆ ಏನಾದರೂ ಮಾತಿದೆಯಾ? ಆಣೆ, ಪೈ, ನಯಾ ಪೈಸೆ? ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಗ್ರಾಂ, ಲೀಟರ್ ಅಂತ ಎಲ್ಲಾದರೂ ಇದೆಯಾ? ಹುಡುಕಿ ತಿಳಿಸಿ.

---

ನಾಪೋಕ್ಲು_ಮಳೆ:

ಸರ್, ನಿಮ್ಮ ಮಾತು ಓದಿ ಮತ್ತೆ ತವರಿಗೆ ಹೋಗಿ ಬಂದೆ. ಗೀಟು ತಿಳಿದ ಮೇಲೆ ಪುಸ್ತಕ ಬಾಯಿ ಬಿಟ್ಟು ಮಾತಾಡಿದ ಹಾಗಾಯಿತು. ಅರ್ಧ ಗಂಟೆಯಲ್ಲಿ ಹತ್ತು ಹಾಳೆ ಓದಿದೆ.

ಮುಖ್ಯ ಬರಹದಲ್ಲಿ ಗ್ರಾಂ ಎಲ್ಲೂ ಇಲ್ಲ. ಒಂದು ಎಣ್ಣೆಯ ಕೆಳಗೆ “ರಾಣಿ ಮುಖದ ರೂಪಾಯಿ ಐದು ಇಟ್ಟು ತೂಗು, ಸವೆದ ರೂಪಾಯಿ ಬೇಡ” ಅಂತಿದೆ. ಜ್ವರದ ಹಾಳೆಯಲ್ಲಿ “ಇದಕ್ಕೆ ಬಗ್ಗದಿದ್ದರೆ ಕೊಯಿನಾ ಕೊಡು” ಅಂತಿದೆ, ಕ್ವಿನೈನ್ ಇರಬೇಕು. ನೀಲಿ ಶಾಯಿಯವರು ಮಾತ್ರ ಎರಡು ಕಡೆ ಗ್ರಾಂ ಬರೆದಿದ್ದಾರೆ.

ಆ ನೀಲಿ ಶಾಯಿಯ ಇನ್ನೊಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ತೋಕ್ ಪೂವಿನ ಗೆಡ್ಡೆ ಹಾಕಿ ಮಾಡುವ ಒಂದು ಮದ್ದಿದೆ. ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ “ಬೇಡ” ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಪೆನ್ನು ಒತ್ತಿ ಬರೆದದ್ದಕ್ಕೆ ಹಾಳೆಯ ಹಿಂದೆ ಕೈಯಾಡಿಸಿದರೆ ಅಕ್ಷರ ಉಬ್ಬಿದ್ದು ಗೊತ್ತಾಗುತ್ತದೆ. ಯಾಕೆ ಬೇಡ ಅಂತ ಮಾತ್ರ ಬರೆದಿಲ್ಲ.

---

ಹಳೇಕಡತ:

ರಾಣಿ ಮುಖದ ರೂಪಾಯಿ, ಅಂದರೆ ವಿಕ್ಟೋರಿಯಾ ರಾಣಿಯದು, ಮೊದಲು ಟಂಕಿಸಿದ್ದು 1840ರಲ್ಲಿ. ಹಾಗಾಗಿ 1839 ಬಿಟ್ಟುಬಿಡಿ. 1959ರಲ್ಲಿ ಕೈಯಲ್ಲಿ ಓಡಾಡುತ್ತಿದ್ದದ್ದು ನಿಕಲ್ ರೂಪಾಯಿ. ತೂಕಕ್ಕೆ ಅಂತ ಹಳೇ ರಾಣಿ ರೂಪಾಯಿ ಎತ್ತಿಟ್ಟವರೂ ಇದ್ದರು, ಅದಕ್ಕೆ ಇದೊಂದರಿಂದಲೇ ತೀರ್ಮಾನ ಮಾಡಬಾರದು. ಆದರೂ ನನ್ನ ಮನಸ್ಸು 1899ರ ಕಡೆಗೇ ಇದೆ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಪುಸ್ತಕ ಕೈಗೆ ಕೊಟ್ಟು ನೋಡಿ. ಬಾಯಲ್ಲಿ ಕೇಳಿದರೆ ನೆನಪಾಗದ್ದು ಕೈಗೆ ಕೊಟ್ಟರೆ ನೆನಪಾಗುತ್ತದೆ.

---

ಬೇರುನಾರು_ಗೋಣಿಕೊಪ್ಪ:

ನಾನು ಆಯುರ್ವೇದ ವೈದ್ಯೆ. ಆ “ಬೇಡ” ಬರೆದವರ ಪಾದಕ್ಕೆ ನಮಸ್ಕಾರ.

ತೋಕ್ ಪೂ ನಮಗೆಲ್ಲ ಗೊತ್ತು. ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧಪೂಜೆ ಹಬ್ಬದ ದಿನ ಕೋವಿಗೆ ಸಿಕ್ಕಿಸುವ ಕೆಂಪು ಹಳದಿ ಹೂವು. ಬೇಲಿಯಲ್ಲೇ ಬೆಳೆಯುತ್ತದೆ, ಮಕ್ಕಳೂ ಕೊಯ್ಯುತ್ತಾರೆ. ಶಾಸ್ತ್ರದಲ್ಲಿ ಇದಕ್ಕೆ ಲಾಂಗಲಿ ಅಂತ ಹೆಸರು. ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ. ಹೊಟ್ಟೆಗೆ ಹೋದರೆ ಮೊದಲು ವಾಂತಿ ಭೇದಿ. ಅದು ಕಮ್ಮಿಯಾಯಿತು ಅನ್ನುವಾಗ ಒಳಗೆ ಮೂತ್ರಪಿಂಡ, ರಕ್ತ ಎಲ್ಲ ಕೆಡುತ್ತಾ ಹೋಗುತ್ತದೆ. ಗೆಡ್ಡೆ ನೋಡಲು ಗೆಣಸಿನ ಹಾಗೇ ಇರುವುದರಿಂದ ತಪ್ಪಿ ಬೇಯಿಸಿ ತಿಂದವರಿದ್ದಾರೆ. ನಮ್ಮ ಗ್ರಂಥಗಳೂ ಇದನ್ನು ಉಪವಿಷಗಳ ಗುಂಪಿನಲ್ಲೇ ಇಟ್ಟಿವೆ, ಶುದ್ಧಿ ಮಾಡದೆ ಮುಟ್ಟಬಾರದು ಅಂತಲೇ ಹೇಳಿವೆ. ದಯವಿಟ್ಟು ಆ ಹಾಳೆಯ ಫೋಟೋ ಎಲ್ಲಿ ಹಾಕಿದರೂ “ಬೇಡ” ಅನ್ನುವ ಅಂಚು ಕತ್ತರಿಸದೆ ಹಾಕಿ.

ಈಶ್ವರಬೇರು ಕೂಡ ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಹಾವಿನ ಮದ್ದು ಅಂತ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಬರೆದವರ ಕಾಲದಲ್ಲಿ ಅದು ಗೊತ್ತಾಗುವ ದಾರಿ ಇರಲಿಲ್ಲ, ವರ್ಷಗಳ ಮೇಲೆ ಕಾಣುವ ತೊಂದರೆ ಅದು. ಹಾವು ಕಚ್ಚಿದರೆ ಬೇರು ಅರೆಯುತ್ತಾ ಕೂರುವ ಹೊತ್ತಲ್ಲ, ನೇರ ಆಸ್ಪತ್ರೆ.

ಈಗ ಒಳ್ಳೆಯ ಮಾತು. ನಿಮ್ಮ ಚುಕ್ಕು ಚಕ್ಕೆಯಲ್ಲ, ಒಣಶುಂಠಿ. ಮಲಯಾಳದಲ್ಲಿ ಹಾಗೆ ಅನ್ನುತ್ತಾರೆ. ನಲ್ಲಮಳು ಕೊಡವ ತಕ್ಕಿನಲ್ಲಿ ಕರಿಮೆಣಸು. ತಿಪ್ಪಲಿ ನಮ್ಮ ಹಿಪ್ಪಲಿ. ಶುಂಠಿ, ಮೆಣಸು, ಹಿಪ್ಪಲಿ ಸೇರಿದರೆ ತ್ರಿಕಟು! ಗ್ರಂಥದಲ್ಲಿ ಮೂರೂ ಸಮಪಾಲು. ನಿಮ್ಮವರು ಶುಂಠಿ ಜಾಸ್ತಿ ಮಾಡಿ ಹಿಪ್ಪಲಿ ಇಳಿಸಿದ್ದಾರೆ. ನಮ್ಮ ಥಂಡಿಗೆ, ನಮ್ಮ ಜನದ ಹೊಟ್ಟೆಗೆ ಹೊಂದಿಸಿಕೊಂಡಿರಬೇಕು. ಒಂದೇ ಸಾಲಿನಲ್ಲಿ ಮಲಯಾಳದ ಶುಂಠಿ, ಕೊಡಗಿನ ಮೆಣಸು, ಲಿಪಿ ಕನ್ನಡ. ಗಡಿಯಾಚೆಯ ವೈದ್ಯರ ಹತ್ತಿರವೂ ಕಲಿತ ಕೈ ಅಂತ ನನಗೆ ಅನ್ನಿಸುತ್ತದೆ.

ಆ ಹತ್ತೊಂಬತ್ತು ಎಲೆಗಳನ್ನು ಕಸ ಅಂತ ಕೊಡವಿಬಿಡಬೇಡಿ ಅಕ್ಕ. ಅವು ಗಿಡಗಳ ಗುರುತು. “ಬ್ರಾಹ್ಮಿ” ಅಂತ ಬರೆದಿದ್ದರೆ ಅದು ಒಂದೆಲಗವೋ ನೀರುಬ್ರಾಹ್ಮಿಯೋ ಹೆಸರಿನಿಂದ ಹೇಳಲಾಗುವುದಿಲ್ಲ. ಎಲೆ ಇದ್ದರೆ ಒಂದು ಕ್ಷಣದ ಕೆಲಸ. ಒಂದೆಲಗದ ಎಲೆ ದುಂಡಗೆ ಅಗಲ, ನೀರುಬ್ರಾಹ್ಮಿಯದು ಸಣ್ಣ ದಪ್ಪ ಎಲೆ. ಯಾವ ಎಲೆ ಯಾವ ಹಾಳೆಯಲ್ಲಿ ಇತ್ತು ಅನ್ನುವುದೇ ಮುಖ್ಯ.

---

ಕುಶಾಲನಗರದ_ಪುಸ್ತಕದವಳು:

ಗ್ರಂಥಾಲಯದಲ್ಲಿ ಹಳೇ ಪುಸ್ತಕ ನೋಡಿಕೊಳ್ಳುವ ಕೆಲಸ ನನ್ನದು. ನಿಮ್ಮ ಅಣ್ಣನಿಗೆ ಇದನ್ನು ಓದಿ ಹೇಳಿ.

ಅಟ್ಟದಲ್ಲಿ ಪುಸ್ತಕ ಉಳಿದದ್ದು ಹೇಗೆ ಗೊತ್ತಾ? ಒಲೆ ದಿನಾ ಉರಿಯುತ್ತಿತ್ತು. ಮಳೆಗಾಲದಲ್ಲೂ ಅಲ್ಲಿ ಗಾಳಿ ಒಣಗಿರುತ್ತಿತ್ತು, ಹೊಗೆಗೆ ಹುಳ ಬರುತ್ತಿರಲಿಲ್ಲ. ಬುಟ್ಟಿಯಲ್ಲಿ ಗಾಳಿಯಾಡುತ್ತಿತ್ತು. ಸ್ಟೀಲ್ ಬೀರು ತಣ್ಣಗಿರುತ್ತದೆ, ಒಳಗೆ ಹೋದ ತೇವ ಹೊರಗೆ ಬರುವುದಿಲ್ಲ. ನಮ್ಮ ಕೊಡಗಿನಲ್ಲಿ ಅದಕ್ಕಿಂತ ಕೆಟ್ಟ ಜಾಗ ಪುಸ್ತಕಕ್ಕೆ ಇನ್ನೊಂದಿಲ್ಲ. ಅಣ್ಣನ ತಪ್ಪಲ್ಲ, ಎಲ್ಲರೂ ಹೀಗೇ ಮಾಡುತ್ತಾರೆ.

ಅಕ್ಷರದ ಆಕಾರಕ್ಕೆ ತೂತಾಗಿರುವುದು ಶಾಯಿಯಿಂದ. ಆಗ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಮನೆಯಲ್ಲೇ ಶಾಯಿ ಮಾಡುತ್ತಿದ್ದರು. ಬರೆದಾಗ ಕಪ್ಪು, ವರ್ಷ ಕಳೆದಂತೆ ಕಂದು. ಅದರಲ್ಲಿರುವ ಕಬ್ಬಿಣ, ಆಮ್ಲ ಸೇರಿ ಕಾಗದವನ್ನು ತಿನ್ನುತ್ತವೆ. ತೇವ ಇದ್ದರೆ ಇನ್ನೂ ಬೇಗ. ಆದ್ದರಿಂದ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ತಾಳೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುತ್ತಾರೆ ಅಂತ ಕೇಳಿ ಯಾರಾದರೂ ಇದಕ್ಕೂ ಹಚ್ಚಲು ಹೇಳಿಯಾರು. ಕಾಗದಕ್ಕೆ ಅದು ಆಗದು. ಸೆಲ್ಲೋ ಟೇಪ್, ಲ್ಯಾಮಿನೇಶನ್ ಎರಡೂ ಬೇಡ. ಲ್ಯಾಮಿನೇಶನ್ ಮಾಡಿಸಿದ ಹಾಳೆ ಮತ್ತೆ ಬಿಡಿಸಿಕೊಳ್ಳಲು ಬರುವುದಿಲ್ಲ. ಅಂಥವನ್ನು ನೋಡಿ ನನಗೆ ಸಾಕಾಗಿದೆ.

ಈಗ ಮಾಡಬೇಕಾದದ್ದು: ಒಣಹವೆ ಇರುವ ದಿನ, ನೆರಳಲ್ಲಿ, ಗಾಳಿಯಾಡುವ ಜಗಲಿಯಲ್ಲಿ ಪುಸ್ತಕವನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ. ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಹೊರಮುಖವಾಗಿ ಗುಡಿಸಿ. ಮುಖಕ್ಕೆ ಮಾಸ್ಕ್ ಇರಲಿ. ಎಲೆಗಳನ್ನು ಒಂದೊಂದೇ ತೆಗೆದು ಬೇರೆ ಬೇರೆ ಕಾಗದದ ಕವರಿಗೆ ಹಾಕಿ, ಮೇಲೆ ಹಾಳೆಯ ಸಂಖ್ಯೆ ಬರೆಯಿರಿ. ತೆಗೆಯುವ ಮೊದಲು ಎಲೆ ಇದ್ದ ಹಾಗೇ ಫೋಟೋ. ಆಮೇಲೆ ಎಲ್ಲ ಹಾಳೆಗಳ ಫೋಟೋ, ಖಾಲಿ ಹಾಳೆ, ರಟ್ಟು ಕೂಡ ಬಿಡದೆ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತಬೇಡಿ, ಎರಡೂ ಕಡೆ ದಿಂಬು ಕೊಡಿ.

ಇಡುವುದಕ್ಕೆ ದಪ್ಪ ರಟ್ಟಿನ ಪೆಟ್ಟಿಗೆ, ಒಳಗೆ ತೊಳೆದ ಹತ್ತಿ ಬಟ್ಟೆ. ಬಜೆ ಬೇರನ್ನು ಸಣ್ಣ ಬಟ್ಟೆಗಂಟು ಮಾಡಿ ಮೂಲೆಯಲ್ಲಿಡಿ, ಹಾಳೆಗೆ ತಾಗದ ಹಾಗೆ. ಮಳೆಗಾಲದಲ್ಲಿ ಜನ ಓಡಾಡುವ, ಬೆಚ್ಚಗಿನ ಕೋಣೆಯಲ್ಲಿರಲಿ.

ಮಾರುವ ವಿಷಯ. ಸಾಹಿತ್ಯ, ಇತಿಹಾಸ, ವಿಜ್ಞಾನದ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದ್ದರೆ 1972ರ ಕಾಯ್ದೆಯ ಪ್ರಕಾರ ಅದು ಪುರಾತನ ವಸ್ತು. ಅಂಥದ್ದನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಬಂದವರ ಹತ್ತಿರ ಪರವಾನಗಿ ತೋರಿಸಿ ಅನ್ನಿ. ಮೈಸೂರಿನಲ್ಲಿ 1891ರಿಂದ ಇರುವ ಪ್ರಾಚ್ಯವಿದ್ಯಾ ಸಂಶೋಧನಾಲಯ ಹಸ್ತಪ್ರತಿಗಳದ್ದೇ ಜಾಗ. ಅಲ್ಲಿಗೆ ಬಂದು ಸೇರಿದ ಒಂದು ತಾಳೆಗರಿ ಕಟ್ಟಿನಲ್ಲೇ ಗ್ರಂಥಪಾಲಕರಾಗಿದ್ದ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು, 1909ರಲ್ಲಿ ಅಚ್ಚಾಯಿತು. ನಿಮ್ಮದನ್ನೂ ತೋರಿಸಿ, ಸಲಹೆ ಕೇಳಿ. ಪುಸ್ತಕ ಮನೆಯಲ್ಲೇ ಇರಲಿ, ಪ್ರತಿ ಎರಡು ಮೂರು ಕಡೆ ಇರಲಿ.

---

ನಾಪೋಕ್ಲು_ಮಳೆ:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಗೊತ್ತಾಗುತ್ತಿಲ್ಲ. ಆದದ್ದನ್ನು ಹೇಳುತ್ತೇನೆ.

ಹಳೇಕಡತ ಸರ್ ಹೇಳಿದ ಹಾಗೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಕ್ಕಬೆಯಲ್ಲಿರುವ ಸೋದರತ್ತೆಯ ಹತ್ತಿರ ತೆಗೆದುಕೊಂಡು ಹೋದೆ. ಅತ್ತೆಗೆ ಈಗ 84. ಕಣ್ಣು ಮಂದ. ಮಡಿಲಲ್ಲಿ ಇಟ್ಟ ತಕ್ಷಣ ರಟ್ಟನ್ನು ಮೂಸಿದರು. “ನಮ್ಮ ಅಡಿಗೆಕೋಣೆ” ಅಂದರು. ಆಮೇಲೆ ಹಿಂದಿನಿಂದ ತಿರುಗಿಸುತ್ತಾ ಬಂದರು. “ಬರೆದು ಮುಗಿಸಿದೆ” ಅನ್ನುವ ಸಾಲಿನ ಕೆಳಗೆ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ದನದ ಚಿತ್ರ ಇದೆ. ಕೊಂಬು ದೊಡ್ಡದು, ಕಾಲು ಐದು. ಯಾವುದೋ ಮಗು ಗೀಚಿದ್ದು ಅಂತ ನಾನು ನಿಮಗೆ ಹೇಳಿಯೂ ಇರಲಿಲ್ಲ. ಅತ್ತೆ ಅದರ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಎರಡನೇ ಕ್ಲಾಸಿನಲ್ಲಿದ್ದಾಗ ಅವರೇ ಬರೆದದ್ದಂತೆ. “ನನ್ನಪ್ಪನ ಪುಸ್ತಕದಲ್ಲಿ ಗೀಚಿದೆಯಾ” ಅಂತ ಅಜ್ಜ ಬೆತ್ತ ತೆಗೆದುಕೊಂಡಿದ್ದರಂತೆ. ನಾನು ಮೂರು ಸಲ ಕೇಳಿದೆ, “ನನ್ನಪ್ಪನ” ಅಂದರಾ ಅಂತ. “ಹೌದು, ಪೆಟ್ಟು ತಿಂದವಳಿಗೆ ಮರೆಯುತ್ತದಾ” ಅಂದರು.

ಅಲ್ಲಿಗೆ 1959 ಹೋಯಿತು. ಮುತ್ತಜ್ಜನ ಕೈ. 1899. ನೀಲಿ ಶಾಯಿ ಅಜ್ಜನದು.

“ಬೇಡ”ದ ಹಾಳೆಯನ್ನೂ ಓದಿ ಹೇಳಿದೆ. ಅತ್ತೆಗೆ ಮದುವೆಯಾಗುವ ಮೊದಲು, ಪಕ್ಕದ ತೋಟದ ಕೂಲಿ ಲೈನಿನಲ್ಲಿ ಹೊಸದಾಗಿ ಕೆಲಸಕ್ಕೆ ಬಂದ ಒಬ್ಬಾಕೆ ಗೆಣಸು ಅಂತ ತೋಕ್ ಪೂವಿನ ಗೆಡ್ಡೆ ಬೇಯಿಸಿ ತಿಂದಳಂತೆ. ಅಜ್ಜನನ್ನು ಕರೆದರು. ಅವರಿಂದ ಏನೂ ಮಾಡಲಾಗಲಿಲ್ಲ. ಮೂರನೇ ದಿನ ಆಕೆ ಹೋದಳು. ಆ ರಾತ್ರಿ ಅಜ್ಜ ಊಟ ಬಿಟ್ಟು ಚಿಮಣಿ ದೀಪದ ಹತ್ತಿರ ಈ ಪುಸ್ತಕ ಇಟ್ಟುಕೊಂಡು ಕೂತಿದ್ದು ಅತ್ತೆಗೆ ನೆನಪಿದೆ. ಏನು ಬರೆದರು ಅಂತ ಆಗ ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಅಂದರು. “ತಪ್ಪಿದ್ದರೆ ಬಲ್ಲವರು ತಿದ್ದಬೇಕು” ಅಂತ ಮುತ್ತಜ್ಜ ಬರೆದಿಟ್ಟಿದ್ದರಲ್ಲ, ಅಪ್ಪನ ಮಾತನ್ನು ಮಗ ನಡೆಸಿಕೊಟ್ಟಿದ್ದಾರೆ.

ಅಣ್ಣನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ರಟ್ಟಿನ ಪೆಟ್ಟಿಗೆಯ ಅಳತೆ ಎಷ್ಟು ಬೇಕು ಅಂತ ಕೇಳಿದ. ಕೊಳ್ಳಲು ಬಂದವರಿಗೆ ಇಲ್ಲ ಅಂತ ಅವನೇ ಹೇಳಿ ಕಳಿಸಿದ್ದಾನೆ.

ಎಲೆಗಳಲ್ಲಿ ಹನ್ನೊಂದನ್ನು ಅತ್ತೆ ಗುರುತಿಸಿದರು. ಆಡುಸೋಗೆ, ಅಮೃತಬಳ್ಳಿ, ನೆಲನೆಲ್ಲಿ ನನಗೂ ಗೊತ್ತಾದವು. ಒಂದನ್ನು ನೋಡಿದ ಕೂಡಲೇ ಮದ್ದು ಸೊಪ್ಪು ಅಂದರು, ಕಕ್ಕಡ ತಿಂಗಳ 18ನೇ ದಿನ ಪಾಯಸ ಮಾಡುತ್ತೇವಲ್ಲ, ಅದೇ. ನೇರಳೆ ಬಣ್ಣ ಬಿಡುವ ಸೊಪ್ಪು, ಒಣಗಿದ ಎಲೆಯ ಸುತ್ತ ಹಾಳೆಯಲ್ಲೂ ತಿಳಿ ನೇರಳೆ ಕಲೆ ಉಳಿದಿದೆ. “ಬ್ರಾಹ್ಮಿ” ಹಾಳೆಯಲ್ಲಿದ್ದದ್ದು ದುಂಡೆಲೆ, ಒಂದೆಲಗ. ಉಳಿದ ಎಂಟು ಗೊತ್ತಾಗಿಲ್ಲ. ಗೋಣಿಕೊಪ್ಪದ ಡಾಕ್ಟರಮ್ಮ, ಮುಂದಿನ ಭಾನುವಾರ ಅವುಗಳ ಕವರ್ ಹಿಡಿದು ನಿಮ್ಮಲ್ಲಿಗೆ ಬರಲಾ?

ಫೋಟೋ ಶನಿವಾರದಿಂದ ಶುರು. ಪುಸ್ತಕ ಇವತ್ತು ರಾತ್ರಿ ಅತ್ತೆಯ ಹತ್ತಿರವೇ ಇದೆ. ಒಂದು ದಿನ ಇಟ್ಟು ಹೋಗು ಅಂದರು.